ಅಪ್ಪನ ಗಾಡಿಯ ಸಪ್ಪಳ

ರಾಯಾಪುರದಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಿಂದ ಇಳಿದು ರಸ್ತೆ ದಾಟುವಾಗಲೇ ದಾಕ್ಷಾಯಿಣಿಗೆ ತಾನು ಬರಬಾರದಿತ್ತು ಅನ್ನಿಸಿತು. ಅಪ್ಪನ ಫಿಯೆಟ್ ಗಾಡಿ ತಂಗಿಯದು, ಗಾಡಿ ಓಡಲೇಬೇಕೆಂಬ ಹಟ ತಂಗಿಯದು, ಬಿಸಿಲಲ್ಲಿ ಅಲೆಯುವ ಪಾಳಿ ಮಾತ್ರ ತನ್ನದು. ಬೆಳಿಗ್ಗೆ ವಾಣಿಶ್ರೀ ಧಾರವಾಡದಿಂದ ಫೋನು ಮಾಡಿದ್ದಳು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ಬಿಟ್ಟು ಬರಲಾಗದು. "ಅಕ್ಕಾ, ನೀ ಒಂದೀಟು ಗ್ಯಾರೇಜಿಗೆ ಹೋಗಿ ಬಾ. ಮನಿಯವ್ರು ಯಾರರ ಬಂದು ಕಣ್ಣಿಲೆ ನೋಡಿ 'ಹಾಕ್ರಿ' ಅನ್ನೂತನ ಅಹಮದಸಾಬ ಕಾಕಾ ಹಳೇ ಸಾಮಾನು ಇಂಜಿನ್ನಿನ್ಯಾಗ ಹಾಕಂಗಿಲ್ಲಂತ. ನೀ ನೋಡಿ ಹೂಂ ಅಂದ್ರ ಸಾಕು." ನೋಡಿ ಹೂಂ ಅಂದರೆ ಸಾಕು. ಹುಟ್ಟಿದಾಗಿನಿಂದ ತಾನು ಮಾಡುತ್ತ ಬಂದಿರುವುದು ಅದೊಂದನ್ನೇ ಅಲ್ಲವೇ ಎಂದುಕೊಂಡಳು ದಾಕ್ಷಾಯಿಣಿ. ಅಪ್ಪ ವಾಣಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹತ್ತಿ ಪೇಟೆಗೆ ಹೊರಟಾಗ ಗೇಟು ತೆಗೆದು ಹೂಂ ಅಂದಿದ್ದಳು. ವಾಣಿಗೆ ಇದೇ ರಸ್ತೆಯಲ್ಲಿ, ಆಗಿನ್ನೂ ಎರಡೂ ಕಡೆ ಬರೀ ಹೊಲವಿದ್ದ ಈ ರಸ್ತೆಯಲ್ಲಿ, ಗಾಡಿ ಹೊಡೆಯಲು ಕಲಿಸಿದ್ದನ್ನು ಬಂದು ಹೇಳಿದಾಗಲೂ ಹೂಂ ಅಂದಿದ್ದಳು. ನನಗೂ ಕಲಸಪ್ಪಾ ಎಂದು ಒಮ್ಮೆ ಕೇಳಿದ್ದಕ್ಕೆ ಅಪ್ಪ ನಕ್ಕು, "ನಿನಗ ಡ್ರೈವರ್ ಇರೋ ಮನಿ ನೋಡ್ತೇನಿ ತಗೋ" ಅಂದಿದ್ದ. ನೋಡಿದ್ದು ಪ್ರಸಾದನ ಮನೆ. ಪ್ರಸಾದನ ಹತ್ತಿರ ಇದ್ದದ್ದು ಒಂದು ಸ್ಕೂಟರು.

ದಾಕ್ಷಾಯಿಣಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚಿತ್ತು. ಆಕೆ ಅದನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಒಮ್ಮೊಮ್ಮೆ ಬಿಪಿ ಅನ್ನುತ್ತಿದ್ದಳು, ಒಮ್ಮೊಮ್ಮೆ ಪಿತ್ತ ಅನ್ನುತ್ತಿದ್ದಳು, ವಾಣಿ ಬಂದು ಹೋದ ಮರುದಿನ ಪ್ರಸಾದ ಕೇಳಿದರೆ ರಾತ್ರಿ ನಿದ್ದಿ ಆಗಲಿಲ್ಲರೀ ಅಂದುಬಿಡುತ್ತಿದ್ದಳು. ಅಪ್ಪ ತೀರಿಹೋಗುವ ಮುಂಚೆ ಕೇಶ್ವಾಪುರದ ಮನೆ ದೊಡ್ಡಾಕೆಗೆ, ಗಾಡಿ ಸಣ್ಣಾಕೆಗೆ ಎಂದು ಹೇಳಿದ್ದ. ಕೇಳಿದವರೆಲ್ಲ ದೊಡ್ಡ ಮಗಳ ದೈವ ನೋಡ್ರಿ, ಇಂಥ ಜಾಗದಲ್ಲಿ ಇಂಥ ಮನೆ ಅಂದರು. ಮನೆ ಕೊಡುವಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಗಾಡಿ ಕೊಡುವಾಗ ವಾಣಿಯ ಕೈ ಹಿಡಿದುಕೊಂಡಿದ್ದ. ಇದನ್ನು ಕಂಡವಳು ದಾಕ್ಷಾಯಿಣಿ ಒಬ್ಬಳೇ. ಯಾರ ಮುಂದೆ ಹೇಳಿದರೂ ನಗುತ್ತಾರೆ ಎಂದು ಗೊತ್ತಿದ್ದರಿಂದ ಯಾರ ಮುಂದೆಯೂ ಹೇಳಿರಲಿಲ್ಲ. ವಾಣಿಯ ಧಾರವಾಡದ ಮನೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲವೆಂದು ಆ ಹಳೆಯ ಫಿಯೆಟ್ ವರ್ಷಗಟ್ಟಲೆ ಕೇಶ್ವಾಪುರದ ಅಂಗಳದಲ್ಲೇ ನಿಂತಿತ್ತು. ಅದರ ಮೇಲೆ ಹಪ್ಪಳ ಒಣಹಾಕಬೇಕೆಂಬ ಆಸೆಯನ್ನು ದಾಕ್ಷಾಯಿಣಿ ಬಹಳ ಸಲ ತಡೆದುಕೊಂಡಿದ್ದಳು, ಎರಡು ಸಲ ತಡೆದುಕೊಂಡಿರಲಿಲ್ಲ.

ಅಹಮದಸಾಬನ ಗ್ಯಾರೇಜು ತಗಡಿನ ಶೆಡ್ಡು. ಗಾಡಿ ಒಂದು ಮೂಲೆಯಲ್ಲಿ ಬಾನೆಟ್ ತೆಗೆದುಕೊಂಡು ನಿಂತಿತ್ತು, ಒಳಗೆ ಇಂಜಿನ್ ಇರಬೇಕಾದ ಕಡೆ ಬರೀ ಪೊಳ್ಳು. ನೋಡಿದ ಕೂಡಲೇ ದಾಕ್ಷಾಯಿಣಿಗೆ ಒಂದು ಗಳಿಗೆ ಸಂತೋಷವಾಯಿತು. ಆದದ್ದು ಅರಿವಿಗೆ ಬಂದು ಸೆರಗು ಸರಿಮಾಡಿಕೊಂಡಳು. "ಬರ್ರಿ ದೊಡ್ಡಕ್ಕಾರ, ಕುಂಡ್ರಿ" ಎಂದು ಅಹಮದಸಾಬ ಸ್ಟೂಲು ಒರೆಸಿ ಕೊಟ್ಟ. ಅಪ್ಪನ ಕಾಲದಿಂದ ಪರಿಚಯದವನು, ಗಡ್ಡ ಪೂರ್ತಿ ಬೆಳ್ಳಗಾಗಿದೆ. "ಸಾವಕಾರ್ರ ಗಾಡಿ ಅಂದ್ರ ಗಾಡಿರಿ. ಒಮ್ಮೆ ಕೈ ಮುಗದ ಬಿಚ್ಚೇನಿ ನೋಡ್ರಿ." ಸಾವಕಾರರ ಗಾಡಿ, ಸಣ್ಣಕ್ಕಾರರ ಗಾಡಿ. ತನ್ನ ಹೆಸರಿನ ಜೊತೆ ಆ ಮಾತು ಒಮ್ಮೆಯೂ ಬಂದದ್ದಿಲ್ಲ. ಇಂಜಿನ್ನಿನ ದೊಡ್ಡ ಎರಕದ ಭಾಗ ಒಳಗನ್ನು ಕೊರೆದು ಸಮ ಮಾಡಲು, ಬೋರ್ ಮಾಡಲು, ಎದುರಿನ ಅಂಗಡಿಗೆ ಹೋಗಿತ್ತು. ಉಳಿದದ್ದೆಲ್ಲ ಬೆಂಚಿನ ಮೇಲೆ ಎಣ್ಣೆ ಬಟ್ಟೆಯ ಮೇಲೆ ಹರಡಿತ್ತು. ಅಹಮದಸಾಬ ಒಂದೊಂದನ್ನೇ ಮುಟ್ಟಿ ಹೇಳಿದ. ರಿಂಗು, ಬೇರಿಂಗು, ಪಿಸ್ಟನ್ನು ಹೊಸವೇ ಆಗಬೇಕು, ಅದರಲ್ಲಿ ಮಾತಿಲ್ಲ. ಕ್ರ್ಯಾಂಕು ಪಾಲಿಶ್ ಮಾಡಿದರೆ ನಡೆಯುತ್ತದೆ. ಮಾತು ಉಳಿದದ್ದು ಒಂದೇ, ಕ್ಯಾಮು ಮತ್ತು ಅದರ ಟ್ಯಾಪೆಟ್ಟುಗಳದು.

ಕ್ಯಾಮೆಂದರೆ ಮೊಳದುದ್ದದ ಒಂದು ಉಕ್ಕಿನ ದಂಡ, ಮೈಮೇಲೆ ಎಂಟು ಉಬ್ಬು. ಟ್ಯಾಪೆಟ್ಟುಗಳು ಹೆಬ್ಬೆರಳಿನಷ್ಟು ದಪ್ಪದ ಎಂಟು ಉಕ್ಕಿನ ಕುಪ್ಪಿಗಳು. ಅವನ್ನು ಒಂದು ತತ್ತಿ ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿದ್ದ, ಟ್ರೇಯ ಒಂದು ತುದಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದ್ದ. ತತ್ತಿ ಟ್ರೇ ಕಂಡು ದಾಕ್ಷಾಯಿಣಿ ಸ್ಟೂಲನ್ನು ಸ್ವಲ್ಪ ಹಿಂದೆ ಸರಿಸಿಕೊಂಡಳು. "ಈ ಉಬ್ಬು ತಿರುಗಿದಾಗೊಮ್ಮೆ ಇದನ್ನ ಎತ್ತತೈತಿ ನೋಡ್ರಿ. ಇದು ವಾಲ್ವ್ ತೆಗೀತೈತಿ. ಒಂದೊಂದು ಉಬ್ಬಿಗೆ ಒಂದೊಂದು. ಇಷ್ಟು ವರ್ಷ ತಿಕ್ಕಿ ತಿಕ್ಕಿ ಒಂದಕ್ಕೊಂದು ಹೊಂದ್ಕೊಂಡಾವ್ರಿ. ತಮ್ಮ ತಮ್ಮ ಜಾಗಾದಾಗ ಹಾಕಿದ್ರ ಇನ್ನೂ ಭಾಳ ವರ್ಷ ಬರ್ತಾವು. ಅದಲ ಬದಲ ಆದ್ವು ಅಂದ್ರ ಒಂದನ್ನೊಂದು ತಿಂದು ಹಾಕ್ತಾವ್ರಿ. ಮೊದಲ ಸಪ್ಪಳ, ಆಮ್ಯಾಲ ಕ್ಯಾಮ್ ಹೋಗತೈತಿ, ಅದರ ಪುಡಿ ಎಣ್ಣ್ಯಾಗ ಸೇರಿ ಹೊಸಾ ಬೇರಿಂಗೂ ಹೋಗತಾವು. ಇಂಜಿನ್ನ ಖಲ್ಲಾಸ್." ಇವನು ಇದನ್ನೆಲ್ಲ ತನಗೇಕೆ ಹೇಳುತ್ತಾನೆ ಎಂದು ದಾಕ್ಷಾಯಿಣಿಗೆ ಕಿರಿಕಿರಿಯಾಯಿತು.

"ಹೊಸಾವು ಸಿಗಂಗಿಲ್ಲೇನ್ರಿ?" ಎಂದು ಕೇಳಿದಳು.

"ಸಿಗ್ತಾವ್ರಿ, ಕ್ಯಾಮು ಟ್ಯಾಪೆಟ್ಟು ಕೂಡೇ ಸೆಟ್ಟ ಸಿಗತೈತಿ. ಅದನ್ನ ಹಾಕಿದ್ರ ಚಿಂತೀನ ಇಲ್ಲ. ಆದ್ರ ಹಳೇ ಉಕ್ಕು ಭಾಳ ಛಲೋ ಐತ್ರಿ ಇದು."

"ಹಂಗಾರ ಹೊಸಾವ ಹಾಕಿಬಿಡ್ರಿ. ಒಮ್ಮೆ ಬಿಚ್ಚಿದ ಮ್ಯಾಲ ಹಳೇದ್ಯಾಕ ಒಳಗ? ನಾಳೆ ಮತ್ತ ಕೆಟ್ಟು ನಿಂತ್ರ?" ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಆಕೆಗೆ ಹಿಡಿಸಿತು. ಮಾತು ನ್ಯಾಯವಾದದ್ದೇ. ನ್ಯಾಯದ ಕೆಳಗೆ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಆದರೆ ಅಹಮದಸಾಬ ತಲೆ ಕೆರೆದುಕೊಂಡು, "ಸಣ್ಣಕ್ಕಾರನ್ನ ಒಂದ ಮಾತ ಕೇಳಿಬಿಡೂಣ್ರಿ" ಎಂದು ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟು, ದೊಡ್ಡಕ್ಕಾರು ಹೊಸಾವ ಹಾಕ್ರಿ ಅಂತಾರ ಎಂದು ಹೇಳಿದ. ಪರೀಕ್ಷೆಯ ಗದ್ದಲದ ನಡುವಿನಿಂದ ವಾಣಿಯ ದನಿ ಶೆಡ್ಡಿನ ತುಂಬ ಬಂತು. "ಇಲ್ಲ ಕಾಕಾ, ಅಪ್ಪ ಮುಟ್ಟಿದ್ದು ಯಾವುದೂ ಹೊರಗ ಹೋಗಬಾರದು. ನಡಿಯೂ ಅಂಥಾದ್ದೆಲ್ಲಾ ಒಳಗ ಹಾಕ್ರಿ. ಅಕ್ಕನ ಮಾತ ಕೇಳಬ್ಯಾಡ್ರಿ, ಆಕಿಗೆ ಇದೆಲ್ಲಾ ಗೊತ್ತಾಗಂಗಿಲ್ಲ, ಪಾಪ." ಸ್ಪೀಕರಿನಲ್ಲಿ ಅಕ್ಕನೂ ಕೇಳುತ್ತಿದ್ದಾಳೆ ಎಂಬುದು ವಾಣಿಗೆ ತಿಳಿದಿರಲಿಲ್ಲ. ಅಹಮದಸಾಬ ಗಡಿಬಿಡಿಯಿಂದ ಫೋನು ಕಟ್ ಮಾಡಿ, ಬೋರಿಂಗ್ ಎಲ್ಲಿಗೆ ಬಂತೋ ನೋಡಿಕೊಂಡು ಬರ್ತೇನ್ರಿ, ಅಷ್ಟೊತ್ತಿಗೆ ನೀವು ಕಣ್ಣಿಲೆ ಒಮ್ಮೆ ನೋಡ್ರಿ ಎಂದು ಎದುರಿನ ಅಂಗಡಿಗೆ ಹೋದ. ಅವನು ಮುಖ ನೋಡದೆ ಹೋದದ್ದೇ ಆಕೆಗೆ ಹೆಚ್ಚು ಚುಚ್ಚಿತು. ಪಾಪ ಅಂದಳಲ್ಲ, ಆ ಪಾಪ ಎಂಬುದನ್ನು ಬಾಯಲ್ಲಿ ಹಾಕಿಕೊಂಡು ಹಲ್ಲಿನಿಂದ ಅರೆದಳು ದಾಕ್ಷಾಯಿಣಿ.

ಅಪ್ಪ ಮುಟ್ಟಿದ್ದು. ರವಿವಾರ ಬೆಳಿಗ್ಗೆ ಅಂಗಳದಲ್ಲಿ ಬಾನೆಟ್ ಎತ್ತಿದ್ದ ಗಾಡಿ, ಅದರೊಳಗೆ ಅರ್ಧ ಇಳಿದಂತೆ ಬಗ್ಗಿದ ಅಪ್ಪ, ಪಕ್ಕದಲ್ಲಿ ಮಣೆಯ ಮೇಲೆ ನಿಂತ ವಾಣಿ. ಅಪ್ಪನ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ, ವಾಣಿಯ ಕೈಯಲ್ಲಿ ಎಲೆಯಷ್ಟು ತೆಳ್ಳಗಿನ ಉಕ್ಕಿನ ಪಟ್ಟಿ. ಅದನ್ನು ಸಂದಿಯಲ್ಲಿ ತೂರಿಸಿ ಎಳೆದು ಎಷ್ಟು ಸಡಿಲವಿದೆ ಎಂದು ಹೇಳುವುದು ಅವಳ ಕೆಲಸ. "ಬಿಗಿ ಐತೇನವ್ವಾ, ಸಡಲ ಐತೇನು?" "ಒಂದ ಕೂದಲೆಳಿ ಸಡಲ ಐತಿ ಅಪ್ಪಾ." "ಇರಲಿ, ಅಷ್ಟಿರಬೇಕು." ಪೇಟೆಯಲ್ಲಿ ದೊಡ್ಡ ದೊಡ್ಡ ವ್ಯಾಪಾರಸ್ಥರನ್ನು ನಂಬದ ಅಪ್ಪ, ಶಿವಯೋಗೀಶಪ್ಪ ಸಾವಕಾರ, ಒಂಬತ್ತು ವರ್ಷದ ಹುಡುಗಿಯ ಬೆರಳನ್ನು ನಂಬುತ್ತಿದ್ದ. ದಾಕ್ಷಾಯಿಣಿ ಚಹಾ ತಂದು ನಿಂತಿರುತ್ತಿದ್ದಳು. ಒಂದು ರವಿವಾರ ವಾಣಿಗೆ ಜ್ವರ. ಅಪ್ಪ ತಲೆ ಎತ್ತದೆ, ಯಾರಿದ್ದೀರಿ ಅಲ್ಲಿ, ಪಟ್ಟಿ ಹಿಡೀರಿ ಅಂದ. ದಾಕ್ಷಾಯಿಣಿ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಬಂದಳು. ಕೈ ಚಾಚಿದಾಗ ಅಪ್ಪ ನೋಡಿದ್ದು ಕೈಯನ್ನು. "ಹಿಟ್ಟಿನ ಕೈ ಅದು, ದೂರ ನಿಲ್ಲು. ಇಂಜಿನ್ನಿನ್ಯಾಗ ಹಿಟ್ಟು ಬಿದ್ರ ಆತು. ಇರಲಿ, ವಾಣಿ ಆರಾಮಾದ ಮ್ಯಾಲ ನೋಡೂಣು." ಕೈ ತೊಳೆದುಕೊಂಡು ಬರ್ತೇನಿ ಎಂದು ಹೇಳಲು ಆಕೆಗೆ ತೋಚಲಿಲ್ಲ. ನಲವತ್ತು ವರ್ಷದಿಂದ ಆ ಮಾತು ತೋಚುತ್ತಿದೆ, ಪಾತ್ರೆ ತೊಳೆಯುವಾಗ, ಮೊಮ್ಮಗುವಿಗೆ ಹಾಲು ಕುಡಿಸುವಾಗ. ಅಪ್ಪಾ, ಒಂದೀಟು ತಡಿ, ಕೈ ತೊಳಕೊಂಡು ಬಂದೆ. ಎಷ್ಟು ಸಣ್ಣ ಮಾತು.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ದಾಕ್ಷಾಯಿಣಿ ತತ್ತಿ ಟ್ರೇಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಟ್ಯಾಪೆಟ್ಟನ್ನು ಎರಡು ಬೆರಳಲ್ಲಿ ಎತ್ತಿದಳು. ಎಣ್ಣೆಯಿಂದ ಜಾರುತ್ತಿತ್ತು, ನೋಡಿದಷ್ಟು ಹಗುರಿರಲಿಲ್ಲ. ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರಲ್ಲಿ ನವಿರಾದ ಒಂದು ಸುತ್ತು ಸವೆದಿತ್ತು. ಇದನ್ನು ಅಪ್ಪ ಮುಟ್ಟಿದ್ದಾನೆಯೇ? ಅಪ್ಪ ಮುಟ್ಟಿದ್ದು ಮೇಲಿನ ಸ್ಕ್ರೂಗಳನ್ನು, ಇದು ಇದ್ದದ್ದು ಆಳದಲ್ಲಿ. ಅಂದರೆ ವಾಣಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅಪ್ಪನದೆಲ್ಲ ತನ್ನದು ಅನ್ನುತ್ತಾಳೆ. ಆಕೆ ಇನ್ನೊಂದನ್ನು ಎತ್ತಿಕೊಂಡಳು. ಈಗ ಎರಡು ಕೈಯಲ್ಲಿ ಎರಡು. ಇಡುವಾಗ ಇದರ ಜಾಗದಲ್ಲಿ ಅದನ್ನು, ಅದರ ಜಾಗದಲ್ಲಿ ಇದನ್ನು ಇಟ್ಟಳು. ತಮಾಷೆಗೆ ಎಂದು ತನಗೆ ತಾನೇ ಹೇಳಿಕೊಂಡಳು, ಈಗ ತೆಗೆದು ಮತ್ತೆ ಸರಿಯಾಗಿ ಇಟ್ಟುಬಿಡುತ್ತೇನೆ, ಹೇಗೆ ಕಾಣುತ್ತದೆ ನೋಡೋಣ. ಏನೂ ಬೇರೆ ಕಾಣಲಿಲ್ಲ. ಎಂಟೂ ಹಾಗೆಯೇ ಸಾಲಾಗಿ ನಿಂತಿದ್ದವು. ಅದು ಆಕೆಗೆ ಸಿಟ್ಟು ತರಿಸಿತು. ಇನ್ನೆರಡನ್ನು ಬದಲಿಸಿದಳು. ತುದಿಯದನ್ನು ತೆಗೆದು ನಡುವೆ ಇಟ್ಟಳು. ಸಣ್ಣವಳಿದ್ದಾಗ ದೇವರ ಕೋಣೆಯ ಬೆಲ್ಲ ಕದ್ದಾಗಿನ ಹಾಗೆ ಹೆದರಿಕೆಯಿತ್ತು, ಸುಖವೂ ಇತ್ತು. ನಲವತ್ತು ವರ್ಷದ ಮೇಲೆ ತನ್ನ ಕೈ ಅಪ್ಪನ ಇಂಜಿನ್ನಿನೊಳಗೆ ಹೋಗುತ್ತಿತ್ತು.

ಎದುರಿನ ಅಂಗಡಿಯ ಯಂತ್ರ ನಿಂತಾಗ ಆಕೆಗೆ ಎಚ್ಚರವಾಯಿತು. ಈಗ ಸರಿಯಾಗಿ ಇಡಬೇಕು. ಮೊದಲು ಎತ್ತಿದ್ದು ಯಾವುದು? ಈ ಕಡೆಯಿಂದ ಮೂರನೆಯದೋ, ಆ ಕಡೆಯಿಂದ ಮೂರನೆಯದೋ? ಸುಣ್ಣದ ಗುರುತು ತನ್ನ ಎಡಕ್ಕಿತ್ತೇ, ಟ್ರೇ ಎಳೆದುಕೊಂಡಾಗ ತಿರುಗಿತೇ? ಒಂದನ್ನು ಎತ್ತಿ ಇನ್ನೊಂದು ಗುಳಿಗೆ ಹಾಕಿದಳು, ಅದೂ ತಪ್ಪೆನ್ನಿಸಿತು. ಎಲ್ಲವೂ ಒಂದೇ ತರಹದ ಮುಖ ಮಾಡಿಕೊಂಡು ಆಕೆಯನ್ನು ನೋಡುತ್ತಿದ್ದವು. ಚಪ್ಪಲಿ ಸಪ್ಪಳ ಕೇಳಿ ಟ್ರೇಯನ್ನು ಮುಂದಕ್ಕೆ ತಳ್ಳಿ ಕೈಗಳನ್ನು ಸೆರಗಿನಲ್ಲಿ ಹುದುಗಿಸಿದಳು. ಅಹಮದಸಾಬ ಬೆವರು ಒರೆಸಿಕೊಳ್ಳುತ್ತ ಬಂದು ನಿಂತ. "ನೋಡಿದ್ರಿಲ್ರಿ ದೊಡ್ಡಕ್ಕಾರ? ನೀವು ಹಿರ್ಯಾರು, ನಿಮ್ಮ ಬಾಯಿಲೆ ಒಂದ ಮಾತ ಬಂದ್ರ ಸಾಕು. ಹಾಕ್ಲ್ಯಾ?" ಈಗಲೂ ಹೇಳಬಹುದಿತ್ತು. ಕೈ ತಾಗಿ ಕೆಡವಿದೆ, ಎಲ್ಲಾ ಕಲಸಿಹೋದವು, ಹೊಸಾವ ತರ್ರಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆಕೆ ಬಯಸಿದ್ದೂ ಅದೇ. ಆದರೆ ಹಾಗೆಂದರೆ ಇವನು ವಾಣಿಗೆ ಫೋನು ಹಚ್ಚುತ್ತಾನೆ, ಸ್ಪೀಕರಿನಲ್ಲಿ ಮತ್ತೆ ಆ ಪಾಪ ಎಂಬ ಮಾತು ಬರುತ್ತದೆ. ಅಕ್ಕನ್ನ ಕಳಿಸಿದ್ದ ತಪ್ಪಾತು ಕಾಕಾ, ಆಕಿ ಕೈ ಹಂಗ.

"ಹಾಕ್ರಿ" ಅಂದಳು ದಾಕ್ಷಾಯಿಣಿ.

ಮುಂದಿನ ದಿನಗಳಲ್ಲಿ ಆಕೆ ಎಷ್ಟೋ ಸಲ ಫೋನು ಕೈಗೆ ತೆಗೆದುಕೊಂಡಳು. ಅಹಮದಸಾಬನ ನಂಬರು ತೆಗೆದು ಅವನ ಹೆಸರನ್ನು ನೋಡುತ್ತ ಕೂರುತ್ತಿದ್ದಳು. ಇನ್ನೂ ಜೋಡಿಸಿರಲಿಕ್ಕಿಲ್ಲ. ಇಂದು ಶುಕ್ರವಾರ, ಗ್ಯಾರೇಜು ಮುಚ್ಚಿರುತ್ತದೆ. ಈಗ ಊಟದ ಹೊತ್ತು. ಹೀಗೆ ಒಂದೊಂದು ದಿನವೂ ಒಂದೊಂದು ನೆವ ತಂದುಕೊಡುತ್ತಿತ್ತು, ಕಡೆಗೆ ಇಂಜಿನ್ ಮುಚ್ಚಿ ಆಗಿರುತ್ತದೆ, ಈಗ ಹೇಳಿ ಏನುಪಯೋಗ ಎಂಬ ದೊಡ್ಡ ನೆವ ಸಿಕ್ಕಿತು. ಪ್ರಸಾದ ಒಂದು ಸಂಜೆ, "ಗಾಡಿ ಕೆಲಸ ಎಲ್ಲೀತನಕ ಬಂತು?" ಎಂದು ಸುಮ್ಮನೆ ಕೇಳಿದ್ದಕ್ಕೆ, "ನನಗೇನ ಕೇಳ್ತೀರಿ, ನನ್ನ ಗಾಡಿ ಏನದು?" ಎಂದು ಹರಿಹಾಯ್ದಳು. ಅವನು ಪೇಪರಿನ ಹಿಂದೆ ಮರೆಯಾದ. ಆಕೆ ಒಳಗೆ ಹೋಗಿ ಕೈ ತೊಳೆದುಕೊಂಡಳು. ಬೆರಳುಗಳಿಂದ ಆ ಎಣ್ಣೆಯ ವಾಸನೆ ಎಂದೋ ಹೋಗಿತ್ತು, ಆದರೂ ಮೂಸಿ ನೋಡುತ್ತಿದ್ದಳು. ಅಪ್ಪನ ಕೈಯ ವಾಸನೆಯೇ ಅದು. ವಾಣಿಯ ಕೈಯಿಂದಲೂ ರವಿವಾರದ ರಾತ್ರಿ ಅದೇ ವಾಸನೆ ಬರುತ್ತಿತ್ತು, ಒಂದೇ ಹಾಸಿಗೆಯಲ್ಲಿ ಮಲಗಿದಾಗ ದಾಕ್ಷಾಯಿಣಿ ಅತ್ತ ತಿರುಗಿ ಮಲಗುತ್ತಿದ್ದಳು.

ಗಾಡಿ ಬಂದದ್ದು ರವಿವಾರ ಬೆಳಿಗ್ಗೆ. ಮುಂಚೆ ಕೇಶ್ವಾಪುರದ ಮನೆಗೆ ತಂದು ಅಪ್ಪನ ಫೋಟೊಕ್ಕೆ ಊದಿನಕಡ್ಡಿ ಹಚ್ಚಿ, ಆಮೇಲೆ ಧಾರವಾಡಕ್ಕೆ ಒಯ್ಯುತ್ತೇನೆ ಎಂದು ವಾಣಿ ಹೇಳಿದ್ದಳು. ಅಲ್ಲಿ ಯಾರದೋ ಖಾಲಿ ಶೆಡ್ಡು ಬಾಡಿಗೆಗೆ ಹಿಡಿದಿದ್ದಳು. ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಹಾರ್ನು ಕೇಳಿತು, ಹಿಂದೆಯೇ ಇಂಜಿನ್ನಿನ ಸಪ್ಪಳ. ಆಕೆಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಏನೋ ಆಗಬೇಕಾಗಿತ್ತು, ಆಗಲಿಲ್ಲ. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಪ್ಪನ ಗಾಡಿ ಆ ತಿರುವಿಗೆ ಬಂದಾಗ ಆಕೆಯ ಕೈ ತಾನಾಗಿ ಒಲೆಯ ಕಡೆ ಹೋಗಿ ಚಹಾದ ನೀರು ಇಡುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ತಿರುವಿನಲ್ಲಿ ಗೇರು ಬದಲಾದಾಗ ಇಂಜಿನ್ನಿನ ಮೇಲ್ಗಡೆ ಹಿತ್ತಾಳೆ ತಂಬಿಗೆಗೆ ಉಗುರಿನಿಂದ ಬಡಿದ ಹಾಗೆ ಸಣ್ಣಗೆ, ಒಂದೇ ಅಳತೆಯಲ್ಲಿ ಟಿಕಟಿಕ ಅನ್ನುತ್ತಿತ್ತು. ಆ ಒಂದು ಕೂದಲೆಳೆಯ ಸಡಿಲಿನ ಸಪ್ಪಳ. ಅದು ಕೇಳಿದಾಗ ನೀರಿಟ್ಟರೆ, ಅಪ್ಪ ಗಾಡಿ ನಿಲ್ಲಿಸಿ, ಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಬಂದು ಕೂರುವ ಹೊತ್ತಿಗೆ ಚಹಾ ತಯಾರು. ಲಾರಿ ಬರಲಿ, ಬೇರೆಯವರ ಫಿಯೆಟ್ ಬರಲಿ, ಕೈ ಏಳುತ್ತಿರಲಿಲ್ಲ. ಒಮ್ಮೆ ಅಪ್ಪ ಬಟ್ಟಲು ಹಿಡಿದುಕೊಂಡು, "ಅಲ್ಲ, ನಾ ಬರೂದು ಯಾವಾಗಿದ್ರೂ ಚಹಾ ಹೆಂಗ ತಯಾರ ಇರತೈತಿ?" ಎಂದು ಬೆರಗಾಗಿ ಕೇಳಿದ್ದ. ಅವ್ವ, "ಅದು ಇರತೈತಿ ತಗೋರಿ" ಅಂದಿದ್ದಳು. ದಾಕ್ಷಾಯಿಣಿ ಬಾಗಿಲ ಹಿಂದೆಯೇ ಇದ್ದಳು.

ಈಗ ಅಂಗಳದವರೆಗೆ ಬಂದ ಸಪ್ಪಳ ಅದಾಗಿರಲಿಲ್ಲ. ಟಿಕಟಿಕವೇನೋ ಇತ್ತು, ಆದರೆ ನಡುವೆ ಒಂದು ಏಟು ಭಾರವಾಗಿ ಬೀಳುತ್ತಿತ್ತು, ಒಂದು ಕಾಲು ಎಳೆದು ನಡೆಯುವವರ ಹಾಗೆ. ಅಹಮದಸಾಬನ ಮಾತು ಒಂದೊಂದಾಗಿ ನೆನಪಾಯಿತು. ಮೊದಲು ಸಪ್ಪಳ. ಆಮೇಲೆ ಕ್ಯಾಮು. ಆಮೇಲೆ ಖಲ್ಲಾಸ್. ಹಿಟ್ಟಿನ ಕೈಯಲ್ಲೇ ಆಕೆ ಹೊರಗೆ ಬಂದಳು. ವಾಣಿ ಸ್ಟೇರಿಂಗಿನ ಮುಂದೆ ಕೂತಿದ್ದಳು, ಕೂದಲು ಬೆಳ್ಳಗಾದ ಐವತ್ತರ ಹತ್ತಿರಕ್ಕೆ ಬಂದ ವಾಣಿ, ಮುಖ ಮಾತ್ರ ಮಣೆಯ ಮೇಲೆ ನಿಂತ ಹುಡುಗಿಯದು. ಪಕ್ಕದಿಂದ ಇಳಿದ ಅಹಮದಸಾಬನ ಮುಖ ಸಪ್ಪಗಿತ್ತು. "ಎರಡ ಸಲ ಪಟ್ಟಿ ಹಾಕಿ ಗ್ಯಾಪ್ ಇಟ್ಟೆ ನೋಡ್ರಿ ದೊಡ್ಡಕ್ಕಾರ, ಮತ್ತ ಸಪ್ಪಳ ಬರಾಕತ್ತೈತಿ. ಸಾಮಾನ ಎಲ್ಲಾ ತಮ್ಮ ತಮ್ಮ ಜಾಗಾದಾಗ ಹಾಕೇನಿ, ಆದ್ರೂ ಹಳೇವು ಹಳೇವಲ್ರಿ. ನೀವು ಹೇಳಿದ್ದ ಖರೇ ಇತ್ತು. ಹೊಸಾವು ಹಾಕಿದ್ರ ಈ ತ್ರಾಸ ಇರ್ತಿರಲಿಲ್ಲ." ಪ್ರಸಾದ ಬಾಗಿಲಲ್ಲಿ ನಿಂತು, ನೋಡು, ನಿನ್ನ ಮಾತ ಖರೇ ಆತು ಎಂಬಂತೆ ಹೆಂಡತಿಯ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಸಲ ಆ ಗಾಡಿಯ ವಿಷಯದಲ್ಲಿ ದಾಕ್ಷಾಯಿಣಿಯ ಮಾತು ನಿಜವಾಗಿತ್ತು. ನಿಜ ಮಾಡಿದವಳು ತಾನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತ್ರಾಸ ಏನ ಕಾಕಾ, ಇದ ಬೇಕಾಗಿತ್ತು ನನಗ" ಎಂದು ವಾಣಿ ಗಾಡಿಯನ್ನು ಚಾಲೂ ಇಟ್ಟೇ ಇಳಿದು ಬಂದಳು. ಕಣ್ಣು ತುಂಬಿಕೊಂಡಿದ್ದವು. "ಅಪ್ಪ ಹಿಂಗ ಇಡತಿದ್ದ, ಒಂದ ಕೂದಲೆಳಿ ಸಡಲ. ಕೇಳಕ್ಕಾ. ಅಪ್ಪ ಬಂದಂಗ ಆತಲ್ಲ?" ಅವಳು ಬಂದು ಅಕ್ಕನ ಮೊಣಕೈ ಹಿಡಿದುಕೊಂಡಳು. ದಾಕ್ಷಾಯಿಣಿಗೆ ತಲೆಯಲ್ಲಿ ಏನೋ ಬೆಳಕಾದ ಹಾಗಾಯಿತು. ಇವಳಿಗೆ ಗೊತ್ತಿಲ್ಲ! ಇವಳು ಆ ಸಪ್ಪಳ ಕೇಳಿಯೇ ಇಲ್ಲ. ಇವಳು ಯಾವಾಗಲೂ ಗಾಡಿಯ ಒಳಗೆ ಕೂತಿರುತ್ತಿದ್ದಳು, ಅಪ್ಪನ ಪಕ್ಕದಲ್ಲಿ, 'ಅಪ್ಪಾ ಅದೇನು, ಅಪ್ಪಾ ಇದೇನು' ಎಂದು ಬಾಯಿ ಮುಚ್ಚದೆ ಮಾತಾಡುತ್ತ. ಗಾಡಿ ತಿರುವಿಗೆ ಬರುವುದನ್ನು ಹೊರಗಿನಿಂದ ಕಾದು ಕೇಳಿದವಳು ಒಬ್ಬಳೇ ಒಬ್ಬಳು, ಅಡುಗೆಮನೆಯಲ್ಲಿ ನಿಂತವಳು. ಮನೆಯಲ್ಲ, ಗಾಡಿಯಲ್ಲ, ಇದು ತನ್ನ ಪಾಲಿಗೆ ಬಂದದ್ದು, ಯಾರೂ ಕೊಡದೆ ಬಂದದ್ದು. ಅದನ್ನು ತಾನೇ ತನ್ನ ಕೈಯಿಂದ ಕೆಡಿಸಿದ್ದಳು.

"ವಾಣಿ, ಗಾಡಿ ಬಂದ್ ಮಾಡು" ಅಂದಳು. "ಇದು ಅಪ್ಪನ ಸಪ್ಪಳ ಅಲ್ಲ."

"ಅಂದ್ರ?"

"ಇದು ಬ್ಯಾರೆ ಐತಿ. ಒಂದ ಏಟು ಭಾರ ಬೀಳಾಕತ್ತೈತಿ, ಕೇಳು. ಅಪ್ಪಂದು ಹಿಂಗ ಇರ್ತಿರಲಿಲ್ಲ. ಹಿಂಗ ಹೊಡದ್ರ ಇಂಜಿನ್ ಉಳಿಯಂಗಿಲ್ಲ. ಬಿಚ್ಚಿಸು. ಯಾಕಂದ್ರ..." ಉಳಿದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇನ್ನೊಂದು ಉಸಿರು ಸಿಕ್ಕಿದ್ದರೆ ಹೇಳಿಬಿಡುತ್ತಿದ್ದಳು. ಆದರೆ ವಾಣಿಯ ಕೈ ಅವಳ ಮೊಣಕೈಯಿಂದ ಜಾರಿತು. "ಅಕ್ಕಾ, ನಿನಗ ಇಷ್ಟೂ ಸಹನ ಆಗಂಗಿಲ್ಲೇನ?" ಎಂದಳು, ಮೆಲ್ಲಗೆ, ಸಿಟ್ಟಿಗಿಂತ ದಣಿವೇ ಹೆಚ್ಚಾಗಿದ್ದ ದನಿಯಲ್ಲಿ. "ಮೊದಲಿಂದ ನೋಡಾಕತ್ತೇನಿ, ಈ ಗಾಡಿ ಅಂದ್ರ ನಿನ್ನ ಮಾರಿ ಸಣ್ಣದಾಗತೈತಿ. ಹಳೇದು ಬ್ಯಾಡ ಅಂದಿ, ಆತು. ಈಗ ಅಪ್ಪನ ಸಪ್ಪಳಾನೂ ಅಲ್ಲ ಅಂತಿ. ಅಡಗಿಮನ್ಯಾಗ ಇದ್ದಾಕಿಗೆ ಗಾಡಿ ಸಪ್ಪಳ ಏನ ಗೊತ್ತವ್ವಾ?" ಅಹಮದಸಾಬ ಆ ಕಡೆ ತಿರುಗಿ ಟೈರು ಒತ್ತಿ ನೋಡತೊಡಗಿದ. ಪ್ರಸಾದ ಒಳಗೆ ಹೋದ. ದಾಕ್ಷಾಯಿಣಿ ತನ್ನ ಕೈಗಳನ್ನು ನೋಡಿಕೊಂಡಳು. ಬೆರಳುಗಳ ಸಂದಿಯಲ್ಲಿ ಹಿಟ್ಟು ಒಣಗಿ ಬಿರುಕು ಬಿಡುತ್ತಿತ್ತು. "ಖರೇನ. ನನಗೇನ ಗೊತ್ತು" ಅಂದಳು. ವಾಣಿ ಒಳಗೆ ಹೋಗಿ ಫೋಟೊಕ್ಕೆ ಊದಿನಕಡ್ಡಿ ಹಚ್ಚಿ, ರೊಟ್ಟಿ ಒಲ್ಲೆ ಅಂದು, ಅಹಮದಸಾಬನನ್ನು ಕೂರಿಸಿಕೊಂಡು ಹೊರಟಳು. ಗೇಟು ತೆಗೆದು ಹಿಡಿದವಳು ದಾಕ್ಷಾಯಿಣಿ. ಗಿರಣಿಯ ತಿರುವಿನವರೆಗೆ ಆ ಭಾರದ ಏಟನ್ನು ಎಣಿಸುತ್ತ ನಿಂತಳು, ಆಮೇಲೆ ಬೀದಿಯ ಗದ್ದಲದಲ್ಲಿ ಅದು ಕಳೆದುಹೋಯಿತು.

ಆ ಹೊಟ್ಟೆಕಿಚ್ಚು ಈಗಾದರೂ ಹೋಗಬೇಕಿತ್ತು. ಹೋಗಿರಲಿಲ್ಲ. ರೊಟ್ಟಿ ಬೇಯಿಸುತ್ತ ಆಕೆ ಅದನ್ನು ಮುಟ್ಟಿ ಮುಟ್ಟಿ ನೋಡಿದಳು, ನೋಯುವ ಹಲ್ಲನ್ನು ನಾಲಿಗೆ ಮುಟ್ಟುವ ಹಾಗೆ. ಅದರ ಪಕ್ಕದಲ್ಲಿ ಈಗ ಇನ್ನೊಂದು ಬಂದು ಕೂತಿತ್ತು, ಹೇಳಬೇಕಾದ ಮಾತು. ಅವಳು ಕೇಳಿದ್ದರೆ ಹೇಳುತ್ತಿದ್ದೆ, ಕೇಳಲಿಲ್ಲ, ಅದು ಅವಳ ತಪ್ಪು ಎಂದುಕೊಂಡಳು. ಎಂದುಕೊಂಡದ್ದು ಸುಳ್ಳೆಂದು ಆ ಕ್ಷಣವೇ ಗೊತ್ತಾಯಿತು. ಹೊತ್ತು ಏರುತ್ತಿತ್ತು. ಉಣಕಲ್ಲು ದಾಟಿರುತ್ತಾಳೆ. ನವನಗರ ದಾಟಿರುತ್ತಾಳೆ. ಪ್ರತಿ ಮೈಲಿಗೂ ಒಳಗೆ ಒಂದು ಇನ್ನೊಂದನ್ನು ತಿನ್ನುತ್ತಿರುತ್ತದೆ.

ಫೋನು ಬಂತು. ವಾಣಿಯದೇ. ದಾಕ್ಷಾಯಿಣಿ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದಳು.

"ಅಕ್ಕಾ, ಅಹಮದಸಾಬ ಕಾಕಾನ ರಾಯಾಪುರದಾಗ ಇಳಿಸಿದೆ. ಗಾಡಿ ಬಾಜೂಕ ಹಾಕಿ ನಿಂತೇನಿ." ಹಿಂದೆ ಇಂಜಿನ್ ಇನ್ನೂ ಚಾಲೂ ಇತ್ತು. "ಬಾಯಿಗೆ ಬಂದಂಗ ಅಂದುಬಿಟ್ಟೆ. ಮನಸಿಗೆ ಹಚ್ಕೋಬ್ಯಾಡ. ದಾರಿ ತುಂಬ ಅದ ವಿಚಾರ ಮಾಡಾಕತ್ತಿದ್ದೆ. ಅಪ್ಪ ಬರೂದ್ರಾಗ ಚಹಾ ಇಟ್ಟಿರತಿದ್ದಾಕಿ ನೀನ ಅಲ್ಲ? ನೀನೂ ಆ ಸಪ್ಪಳ ಕೇಳಿರಬೇಕು. ನನಗಿಂತ ನೀನ ಭಾಳ ಕೇಳಿರಬೇಕು. ತಡಿ, ಸಪ್ಪಳ ಈಗ ಇನ್ನೂ ಜೋರ ಆಗೇತಿ, ಕೇಳಸ್ತೇನಿ. ಛಂದಂಗ ಕೇಳಿ ಹೇಳು. ನೀ ಏನ ಹೇಳ್ತಿ ಅದ ಖರೇ." ಬಾನೆಟ್ ಎತ್ತಿದ್ದು ಕೇಳಿತು. ಆಮೇಲೆ ಇಂಜಿನ್ ಕಿವಿಯ ಹತ್ತಿರ ಬಂತು. ಭಾರದ ಏಟು ಈಗ ಒಂದಲ್ಲ, ಎರಡು ಬೀಳುತ್ತಿದ್ದವು.

ಆ ಗಾಡಿಯ ಬಗ್ಗೆ ಅವರ ಮನೆಯಲ್ಲಿ ಯಾರೂ ಯಾವತ್ತೂ ನಿನಗೇನು ಅನ್ನಿಸುತ್ತದೆ ಎಂದು ಆಕೆಯನ್ನು ಕೇಳಿರಲಿಲ್ಲ. ದಾಕ್ಷಾಯಿಣಿ ಕಣ್ಣು ಮುಚ್ಚಿ ಕೇಳಿದಳು. ಬಂದ್ ಮಾಡು ಎಂಬ ಮಾತು ಬಾಯಿಯವರೆಗೆ ಬಂತು. ಅದರ ಹಿಂದೆ ಬರಬೇಕಾದ ಮಾತುಗಳೂ ಬಂದು ಸಾಲಾಗಿ ನಿಂತವು, ತತ್ತಿ ಟ್ರೇ, ಎರಡು ಕೈಯಲ್ಲಿ ಎರಡು, ಹಾಕ್ರಿ ಅಂದದ್ದು. ಅವನ್ನು ಹೇಳಿದರೆ ಈಗಷ್ಟೇ ವಾಣಿ ಕೊಟ್ಟದ್ದನ್ನು, ನೀನೂ ಕೇಳಿರಬೇಕು ಎಂಬುದನ್ನು, ಅವಳು ವಾಪಸು ತೆಗೆದುಕೊಳ್ಳುತ್ತಾಳೆ.

"ಕೇಳಿತೇನಕ್ಕಾ? ಹೇಳು. ಅಪ್ಪಂದ ಹೌದಲ್ಲ?"

"ಹೌದು" ಅಂದಳು ದಾಕ್ಷಾಯಿಣಿ. "ಅಪ್ಪಂದ."

ವಾಣಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಬಾನೆಟ್ ಮುಚ್ಚಿತು, ಬಾಗಿಲು ಮುಚ್ಚಿತು, ಗಾಡಿ ಧಾರವಾಡದ ಕಡೆ ಹೊರಟದ್ದು ಫೋನಿನಲ್ಲಿ ಕೇಳಿತು. ಆಕೆ ಒಲೆ ಆರಿಸಿ ಕೈ ತೊಳೆದುಕೊಂಡಳು.